ಮಿಲ್ಲರ್ ಹಗ್ಗಿನ್ಸ್ ಅವರ ವೃತ್ತಿಜೀವನವನ್ನು ಬೇಸ್‌ಬಾಲ್ ರೆಫರೆನ್ಸ್‌ನಲ್ಲಿ ಓದುವುದು: ಒಂದು ವಿಮರ್ಶೆ

ಬೇಸ್‌ಬಾಲ್ ರೆಫರೆನ್ಸ್ ಎಂಬ ಅಂಕಿಅಂಶಗಳ ಜಾಲತಾಣ ಎಷ್ಟರಮಟ್ಟಿಗೆ ಉಪಯುಕ್ತ ಎಂದು ತಿಳಿಯಬೇಕಾದವರು ಬೇಬ್ ರೂತ್ ಅಥವಾ ಟೈ ಕಾಬ್ ಅವರಂಥ ಹೆಸರುಗಳಿಂದ ಆರಂಭಿಸಬಾರದು ಎಂಬುದು ನನ್ನ ಅಭಿಪ್ರಾಯ. ಅಂಥವರ ದೊಡ್ಡತನ ಯಾವ ಪಟ್ಟಿಯಲ್ಲಿ ಬರೆದಿಟ್ಟರೂ ಎದ್ದು ಕಾಣುತ್ತದೆ. ಇಂಥ ಸೇವೆಯೊಂದರ ನಿಜವಾದ ಪರೀಕ್ಷೆ ನಡೆಯುವುದು, ಆಡುವ ಕಾಲದಲ್ಲಿ ಹೆಚ್ಚು ಸದ್ದು ಮಾಡದೆ, ಆಮೇಲೆ ಇತರರನ್ನು ಆಡಿಸುವ ಕೆಲಸದಲ್ಲಿ ಹೆಸರು ಮಾಡಿದ ವ್ಯಕ್ತಿಯ ಪುಟದಲ್ಲಿ. ಮಿಲ್ಲರ್ ಹಗ್ಗಿನ್ಸ್ ಅಂಥವರು. 1904ರಿಂದ 1916ರವರೆಗೆ ಅಮೆರಿಕದ ನ್ಯಾಷನಲ್ ಲೀಗಿನಲ್ಲಿ ಸೆಕೆಂಡ್ ಬೇಸ್ (ರನ್ ಗಳಿಸಲು ಸುತ್ತಿ ಬರಬೇಕಾದ ನಾಲ್ಕು ನೆಲೆಗಳಲ್ಲಿ ಎರಡನೆಯದು) ಕಾಯುವ ಇನ್‌ಫೀಲ್ಡರ್ ಆಗಿ ಆಡಿದ ಅವರು, 1913ರಿಂದ 1929ರಲ್ಲಿ ತೀರಿಕೊಳ್ಳುವವರೆಗೆ ಮ್ಯಾನೇಜರ್ ಆಗಿದ್ದರು, ಮೊದಲು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡಕ್ಕೆ, ಅನಂತರ ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ. ಅವರ ವೃತ್ತಿಜೀವನದ ಒಂದು ಅರ್ಧವನ್ನು ಈ ತಾಣ ಬೇರೆಲ್ಲಿಯೂ ಸಿಗದಷ್ಟು ಚೆನ್ನಾಗಿ ತೋರಿಸುತ್ತದೆ. ಇನ್ನೊಂದು ಅರ್ಧವನ್ನು ಓದುಗರು ತಾವೇ ಕೂಡಿಸಿಕೊಳ್ಳಬೇಕಾಗುತ್ತದೆ, ಆದರೆ ಕೂಡಿಸಿಕೊಳ್ಳಲು ಬೇಕಾದ ತುಣುಕುಗಳೆಲ್ಲ ಅಲ್ಲಿಯೇ ಇವೆ.

ಸೇವೆಯ ಬಗ್ಗೆ ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ಶಾನ್ ಫೋರ್ಮನ್ ಎಂಬವರು 2000ದಲ್ಲಿ ಆರಂಭಿಸಿದ ಈ ತಾಣವನ್ನು ಈಗ ಫಿಲಡೆಲ್ಫಿಯಾದ ಸ್ಪೋರ್ಟ್ಸ್ ರೆಫರೆನ್ಸ್ ಸಂಸ್ಥೆ ನಡೆಸುತ್ತಿದೆ. ಆಟಗಾರರ, ತಂಡಗಳ ಮತ್ತು ಋತುಗಳ ಪುಟಗಳನ್ನು ಜಾಹೀರಾತುಗಳ ಜೊತೆಗೆ ಉಚಿತವಾಗಿ ಓದಬಹುದು. ಆಳವಾದ ಹುಡುಕಾಟಕ್ಕೆ ಮಾತ್ರ ಸ್ಟ್ಯಾಟ್‌ಹೆಡ್ ಎಂಬ ಚಂದಾ ಸೇವೆ ಇದೆ. ಹಗ್ಗಿನ್ಸ್ ಅವರಂಥ ಒಬ್ಬರ ಬದುಕನ್ನು ಅರಿಯಲು ಚಂದಾ ಕಟ್ಟುವ ಅಗತ್ಯ ಬೀಳುವುದಿಲ್ಲ.

ಆಟಗಾರನ ಪುಟ ತೆರೆದೊಡನೆ ಕಣ್ಣಿಗೆ ಬೀಳುವುದು ಬ್ಯಾಟಿಂಗ್ ಸರಾಸರಿ .265 (ಸಾವಿರ ಆಟ್-ಬ್ಯಾಟ್, ಅಂದರೆ ಲೆಕ್ಕಕ್ಕೆ ಬರುವ ಸರದಿಗಳಿಗೆ 265 ಹಿಟ್, ಅಂದರೆ ಬೇಸ್ ದಕ್ಕಿಸಿದ ಹೊಡೆತ), ಹೋಮ್ ರನ್ (ಒಂದೇ ಹೊಡೆತಕ್ಕೆ ಎಲ್ಲ ಬೇಸ್ ಸುತ್ತಿ ಬರುವುದು) 9. ಅವಸರದ ಓದುಗರು ಇಷ್ಟಕ್ಕೇ ಪುಟ ಮುಚ್ಚಿದರೆ ಆಶ್ಚರ್ಯವಿಲ್ಲ. ಹದಿಮೂರು ಋತುಗಳಲ್ಲಿ, 1,586 ಪಂದ್ಯಗಳಲ್ಲಿ ಒಂಬತ್ತೇ ಹೋಮ್ ರನ್ ಹೊಡೆದವರನ್ನು ಯಾರು ನೆನಪಿಡುತ್ತಾರೆ ಎನಿಸಬಹುದು. ಆದರೆ ಅದೇ ಸಾಲಿನಲ್ಲಿ ಇನ್ನೂ ಬಲಕ್ಕೆ ಸರಿದರೆ ವಾಕ್‌ಗಳ ಕಾಲಂ ಬರುತ್ತದೆ, ಅದರ ಕೆಳಗೆ ಒಟ್ಟು ಮೊತ್ತ 1,003 ಎಂದಿರುತ್ತದೆ. ಪಿಚರ್ ಎಸೆದ ಚೆಂಡುಗಳಲ್ಲಿ ನಾಲ್ಕು ಸ್ಟ್ರೈಕ್ ವಲಯದ (ಬ್ಯಾಟರನ ಮೈಯ ಎತ್ತರಕ್ಕೆ ತಕ್ಕಂತೆ ಗೊತ್ತುಮಾಡಿದ, ಚೆಂಡು ಹಾಯಬೇಕಾದ ಜಾಗ) ಹೊರಗೆ ಹೋಗಿ, ಬ್ಯಾಟರ್ ಅವುಗಳನ್ನು ಹೊಡೆಯದೆ ಬಿಟ್ಟರೆ ಅವನಿಗೆ ಮೊದಲ ಬೇಸ್ ಪುಕ್ಕಟೆಯಾಗಿ ದಕ್ಕುತ್ತದೆ, ಇದೇ ವಾಕ್. ಕ್ರಿಕೆಟ್ ಬಲ್ಲವರಿಗೆ ವೈಡ್ ನೆನಪಾಗಬಹುದು, ಆದರೆ ಕ್ರಿಕೆಟ್‌ನಲ್ಲಿ ವೈಡ್ ಓಟ ಬ್ಯಾಟರನ ಲೆಕ್ಕಕ್ಕೆ ಸೇರುವುದಿಲ್ಲ, ಬೇಸ್‌ಬಾಲ್‌ನಲ್ಲಿ ವಾಕ್ ಬ್ಯಾಟರನ ಹೆಸರಿನಲ್ಲಿಯೇ ದಾಖಲಾಗುತ್ತದೆ. ಐದು ಅಡಿ ಆರು ಅಂಗುಲ ಎತ್ತರದ, ಸುಮಾರು 140 ಪೌಂಡ್ ತೂಕದ ಹಗ್ಗಿನ್ಸ್ ಅವರಿಗೆ ಸ್ಟ್ರೈಕ್ ವಲಯವೇ ಚಿಕ್ಕದಾಗಿತ್ತು, ಜೊತೆಗೆ ಯಾವ ಚೆಂಡನ್ನು ಬಿಡಬೇಕು ಎಂಬ ತೀರ್ಮಾನವೂ ಅಪರೂಪದ್ದಾಗಿತ್ತು.

ಇಲ್ಲಿ ತಾಣದ ಒಂದು ಸಣ್ಣ ವ್ಯವಸ್ಥೆ ದೊಡ್ಡ ಕೆಲಸ ಮಾಡುತ್ತದೆ. ಆ ವರ್ಷ ಇಡೀ ಲೀಗಿಗೆ ಮೊದಲಿಗರಾದ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಅಚ್ಚು ಮಾಡಿರುತ್ತಾರೆ. ಹಗ್ಗಿನ್ಸ್ ಅವರ ಪಟ್ಟಿಯಲ್ಲಿ ಹಿಟ್‌ಗಳ ಕಾಲಮ್ಮಿನಲ್ಲಾಗಲಿ, ಹೋಮ್ ರನ್ ಕಾಲಮ್ಮಿನಲ್ಲಾಗಲಿ ದಪ್ಪ ಅಕ್ಷರ ಸಿಗುವುದಿಲ್ಲ. ವಾಕ್‌ಗಳ ಕಾಲಮ್ಮಿನಲ್ಲಿ ಮಾತ್ರ 1905, 1907, 1910 ಮತ್ತು 1914ರ ಸಾಲುಗಳಲ್ಲಿ ನಾಲ್ಕು ಬಾರಿ ಅದು ಬರುತ್ತದೆ. 1910ರಲ್ಲಿ 116 ವಾಕ್. 1913ರ ಸಾಲಿನಲ್ಲಿ ಆನ್-ಬೇಸ್ ಸರಾಸರಿ .432, ಅದೂ ಆ ವರ್ಷ ನ್ಯಾಷನಲ್ ಲೀಗಿನಲ್ಲಿಯೇ ಅತಿ ಹೆಚ್ಚು. ಹಿಟ್, ವಾಕ್ ಮತ್ತು ಮೈಗೆ ಚೆಂಡು ತಗುಲಿ ಬೇಸ್ ಪಡೆದದ್ದನ್ನು ಒಟ್ಟಿಗೆ ಗಣಿಸುವ ಈ ಸರಾಸರಿಯ ಪ್ರಕಾರ ಅವರ ಇಡೀ ವೃತ್ತಿಜೀವನದ ಅಂಕಿ .382. ಚೆಂಡು ದೂರ ಹಾರದಿದ್ದ ಆ ಯುಗದಲ್ಲಿ, ಒಂದೊಂದು ರನ್ನಿಗೂ ಹೆಣಗಾಡಬೇಕಿದ್ದ ಪಂದ್ಯಗಳಲ್ಲಿ, ಮೊದಲಿಗರಾಗಿ ಬ್ಯಾಟ್ ಹಿಡಿದು ಬರುತ್ತಿದ್ದವರಿಗೆ ಇದು ಬಹಳ ದೊಡ್ಡ ಗಳಿಕೆ. ಬೇಸ್ ತಲುಪಿದ ಮೇಲೆ ಅವರು ಸುಮ್ಮನೆ ನಿಲ್ಲುತ್ತಲೂ ಇರಲಿಲ್ಲ. ಕದ್ದ ಬೇಸ್‌ಗಳ, ಅಂದರೆ ಹೊಡೆತಕ್ಕೆ ಕಾಯದೆ ಓಡಿ ಹಿಡಿದ ಮುಂದಿನ ಬೇಸ್‌ಗಳ, ಕಾಲಂ 324 ಎನ್ನುತ್ತದೆ, ರನ್‌ಗಳ ಕಾಲಂ 948 ಎನ್ನುತ್ತದೆ.

1910ರ ಜೂನ್ 1ರಂದು ಹಗ್ಗಿನ್ಸ್ ಆರು ಬಾರಿ ಬ್ಯಾಟ್ ಹಿಡಿದು ಬಂದರು. ನಾಲ್ಕು ಬಾರಿ ವಾಕ್ ಪಡೆದರು, ಉಳಿದ ಎರಡು ಬಾರಿ ತಾವು ಔಟಾಗಿ ರನ್ನರ್‌ನನ್ನು ಮುಂದಕ್ಕೆ ದಾಟಿಸಿದರು. ಈ ಯಾವುದೂ ಅಧಿಕೃತ 'ಆಟ್-ಬ್ಯಾಟ್' ಎನಿಸುವುದಿಲ್ಲ. ಹಳೆಯ ಪತ್ರಿಕೆಯ ಅಂಕಪಟ್ಟಿಯಲ್ಲಿ ಆಟ್-ಬ್ಯಾಟ್ ಸೊನ್ನೆ, ಹಿಟ್ ಸೊನ್ನೆ ಎಂದು ಓದಿದವರಿಗೆ ಆ ಮನುಷ್ಯ ಅಂದು ಏನೂ ಮಾಡಲಿಲ್ಲ ಎನಿಸುತ್ತಿತ್ತು. ಬೇಸ್‌ಬಾಲ್ ರೆಫರೆನ್ಸ್ ಆಟ್-ಬ್ಯಾಟ್ ಕಾಲಮ್ಮಿನ ಎಡಕ್ಕೇ ಪ್ಲೇಟ್ ಅಪಿಯರೆನ್ಸ್ ಎಂಬ ಇನ್ನೊಂದು ಕಾಲಂ ಇಟ್ಟಿದೆ. ಬ್ಯಾಟರ್ ಎಷ್ಟು ಸಲ ಪಿಚರ್‌ನ ಎದುರು ನಿಂತ ಎಂಬುದರ ಪೂರ್ತಿ ಲೆಕ್ಕ ಅದು. ಈ ಎರಡು ಕಾಲಮ್ಮುಗಳ ನಡುವಿನ ಅಂತರದಲ್ಲಿಯೇ ಹಗ್ಗಿನ್ಸ್ ಅವರ ಆಟ ಇದೆ. ಹಾಗೆಯೇ ಲೀಗಿನ ಸರಾಸರಿಯನ್ನು 100 ಎಂದು ಇಟ್ಟುಕೊಂಡು, ಮೈದಾನದ ಗುಣವನ್ನೂ ಪರಿಗಣಿಸಿ ಬ್ಯಾಟರನ್ನು ಅಳೆಯುವ ಒಪಿಎಸ್-ಪ್ಲಸ್ ಎಂಬ ಅಂಕಿಯಲ್ಲಿ ಅವರು 100ರ ಮೇಲೆಯೇ ನಿಲ್ಲುತ್ತಾರೆ. ಬೇರೆ ಬೇರೆ ಕಾಲದ ಆಟಗಾರರನ್ನು ಅವರವರ ಕಾಲದ ಅಳತೆಗೋಲಿನಲ್ಲಿಯೇ ತೂಗುವ ಈ ವ್ಯವಸ್ಥೆಯೊಂದಕ್ಕಾಗಿಯೇ ನಾನು ಈ ತಾಣವನ್ನು ಮನಸಾರೆ ಶಿಫಾರಸು ಮಾಡುತ್ತೇನೆ.

ಅಂದಿನ ದಾಖಲೆಗಳ ಮಿತಿಯನ್ನು ಪುಟ ಮರೆಮಾಚುವುದಿಲ್ಲ ಎಂಬುದನ್ನೂ ಹೇಳಬೇಕು. ಬೇಸ್ ಕದಿಯಲು ಹೋಗಿ ಸಿಕ್ಕಿಬಿದ್ದದ್ದು ಎಷ್ಟು ಸಲ ಎಂಬ ಲೆಕ್ಕವನ್ನು ಆ ಕಾಲದ ಹಲವು ಋತುಗಳಲ್ಲಿ ಯಾರೂ ಇಡಲಿಲ್ಲ, ಆದ್ದರಿಂದ ಆ ಮನೆಗಳು ಖಾಲಿಯಾಗಿವೆ. ಎತ್ತಿ ಹೊಡೆದ ಚೆಂಡಿಗೆ ಔಟಾಗಿ ರನ್ ತಂದುಕೊಟ್ಟದ್ದನ್ನು ಅಂದು ಬಂಟ್‌ನ (ರನ್ನರ್‌ನನ್ನು ಮುಂದಕ್ಕೆ ದಾಟಿಸಲು ಚೆಂಡನ್ನು ಮೆಲ್ಲಗೆ ತಟ್ಟುವುದು) ಜೊತೆಗೇ ಸೇರಿಸಿ ಎಣಿಸುತ್ತಿದ್ದರಿಂದ ಅದಕ್ಕೂ ಪ್ರತ್ಯೇಕ ಅಂಕಿ ಇಲ್ಲ. ಖಾಲಿ ಮನೆಯಲ್ಲಿ ಸೊನ್ನೆ ಬರೆದು ತುಂಬಿಸದಿರುವುದು ಪ್ರಾಮಾಣಿಕ ಕ್ರಮ. ಹೊಸ ಓದುಗರು ಮಾತ್ರ ಖಾಲಿ ಬಿಟ್ಟದ್ದಕ್ಕೂ ಸೊನ್ನೆಗೂ ಇರುವ ವ್ಯತ್ಯಾಸವನ್ನು ನೆನಪಿಟ್ಟುಕೊಂಡು ಓದಬೇಕು. 324 ಬೇಸ್ ಕದ್ದರು ಎಂಬುದನ್ನು ನಂಬಬಹುದು, ಎಷ್ಟು ಜಾಣತನದಿಂದ ಕದ್ದರು ಎಂಬುದನ್ನು ಆ ಸಾಲಿನಿಂದ ತೀರ್ಮಾನಿಸಲಾಗದು.

ಪುಟದಲ್ಲಿ ಎಲ್ಲಕ್ಕಿಂತ ಕಡಿಮೆ ಗಮನ ಸೆಳೆಯುವ ಭಾಗ ವರ್ಗಾವಣೆಗಳ ಪಟ್ಟಿ. ನನಗೆ ಅದು ಬಹಳ ಇಷ್ಟ. 1910ರ ಫೆಬ್ರವರಿಯಲ್ಲಿ ಸಿನ್ಸಿನಾಟಿ ರೆಡ್ಸ್ ತಂಡವು ಹಗ್ಗಿನ್ಸ್, ರೆಬೆಲ್ ಓಕ್ಸ್ ಮತ್ತು ಫ್ರಾಂಕ್ ಕಾರಿಡನ್ ಅವರನ್ನು ಸೇಂಟ್ ಲೂಯಿಸ್‌ಗೆ ಕೊಟ್ಟು ಫ್ರೆಡ್ ಬೀಬಿ ಮತ್ತು ಆಲನ್ ಸ್ಟೋರ್ಕ್ ಅವರನ್ನು ಪಡೆಯಿತು ಎಂಬುದು ಅದರಲ್ಲಿ ಒಂದು ಸಾಲು. ಸ್ಟೋರ್ಕ್ ಅವರ ಹೆಸರನ್ನು ಒತ್ತಿದರೆ ತೆರೆದುಕೊಳ್ಳುವ ಪುಟದಲ್ಲಿ ಅವರು 1910ರ ಮಾರ್ಚ್‌ನಲ್ಲಿ ತೀರಿಕೊಂಡರು ಎಂದಿದೆ. ಅಂದರೆ ಹೊಸ ತಂಡಕ್ಕೆ ಒಂದೂ ಪಂದ್ಯ ಆಡುವ ಮೊದಲೇ. ಇತ್ತ ಹಗ್ಗಿನ್ಸ್ ಹುಟ್ಟಿ ಬೆಳೆದ ಊರು ಸಿನ್ಸಿನಾಟಿ. ಕಟ್ಟುನಿಟ್ಟಿನ ಮೆಥಡಿಸ್ಟ್ ಮನೆತನದ ತಂದೆಗೆ ಮಗ ಭಾನುವಾರ ಬೇಸ್‌ಬಾಲ್ ಆಡುವುದು ಸರಿಬರುತ್ತಿರಲಿಲ್ಲ, ಆದ್ದರಿಂದ ಹುಡುಗ ಬೇರೆ ಹೆಸರಿಟ್ಟುಕೊಂಡು ಆಡುತ್ತಿದ್ದ. ಆ ತಂದೆ ಇಂಗ್ಲೆಂಡಿನಲ್ಲಿ ಹುಟ್ಟಿದವರು, ಸ್ವತಃ ಕ್ರಿಕೆಟ್ ಆಡಿದವರು. ಹಗ್ಗಿನ್ಸ್ ಅದೇ ಊರಿನ ವಿಶ್ವವಿದ್ಯಾಲಯದಲ್ಲಿ 1902ರಲ್ಲಿ ಕಾನೂನು ಪದವಿಯನ್ನೂ ಪಡೆದರು, ಆದರೆ ವಕೀಲಿಕೆಗೆ ಇಳಿಯಲಿಲ್ಲ. ಈ ಬಗೆಯ ಸಂಗತಿಗಳು ಕೋಷ್ಟಕದಲ್ಲಿ ಬರುವುದಿಲ್ಲ. ಅವುಗಳಿಗಾಗಿ ಬೇಸ್‌ಬಾಲ್ ಸಂಶೋಧಕರ ಸಂಘವಾದ ಸೇಬರ್ ಬರೆಸಿದ ಜೀವನಚರಿತ್ರೆಗೆ ಪುಟದಲ್ಲಿಯೇ ಕೊಂಡಿ ಕೊಟ್ಟಿದ್ದಾರೆ, ಅದನ್ನು ತಪ್ಪದೆ ಬಳಸಿಕೊಳ್ಳಬೇಕು.

ಇನ್ನು ಮ್ಯಾನೇಜರ್ ಆಗಿ ಮಾಡಿದ ಕೆಲಸದ ವಿಚಾರ. ಆಟಗಾರನ ಪುಟ ಒಂದು, ಮ್ಯಾನೇಜರನ ಪುಟ ಇನ್ನೊಂದು. 1913ರಿಂದ 1916ರವರೆಗೆ ಹಗ್ಗಿನ್ಸ್ ಒಂದೇ ದಿನ ಎರಡೂ ಕೆಲಸ ಮಾಡುತ್ತಿದ್ದರು, ಬ್ಯಾಟಿಂಗ್ ಸರದಿಯನ್ನು ತಾವೇ ನಿರ್ಧರಿಸಿ ತಾವೇ ಬ್ಯಾಟ್ ಹಿಡಿಯುತ್ತಿದ್ದರು. ಪುಟಗಳು ಬೇರೆಯಾಗಿರುವುದರಿಂದ ಈ ವರ್ಷಗಳ ಒತ್ತಡ ಒಂದೇ ನೋಟಕ್ಕೆ ಸಿಗದು. ಎರಡನ್ನೂ ಅಕ್ಕಪಕ್ಕ ತೆರೆದಿಟ್ಟುಕೊಂಡಾಗ ಒಂದು ವಿಚಿತ್ರ ಚಿತ್ರ ಕಾಣುತ್ತದೆ. 1913ರಲ್ಲಿ ಬ್ಯಾಟರ್ ಹಗ್ಗಿನ್ಸ್ ಲೀಗಿನ ಅತ್ಯುತ್ತಮ ಆನ್-ಬೇಸ್ ಸರಾಸರಿ ಗಳಿಸಿದರು. ಅದೇ ವರ್ಷ ಮ್ಯಾನೇಜರ್ ಹಗ್ಗಿನ್ಸ್ ಅವರ ತಂಡ 51 ಗೆಲುವು, 99 ಸೋಲುಗಳೊಂದಿಗೆ ಕೊನೆಯ ಸ್ಥಾನದಲ್ಲಿ ನಿಂತಿತು. ಮರುವರ್ಷ ಅದೇ ತಂಡ 81 ಪಂದ್ಯ ಗೆದ್ದು ಮೂರನೆಯ ಸ್ಥಾನಕ್ಕೇರಿತು.

ಮ್ಯಾನೇಜರ್ ಪುಟದ ಮುಖ್ಯ ಪಟ್ಟಿಯಲ್ಲಿ ಇರುವುದು ವರ್ಷ, ತಂಡ, ಗೆಲುವು, ಸೋಲು, ಲೀಗಿನಲ್ಲಿ ಪಡೆದ ಸ್ಥಾನ. ಆಟಗಾರರಿಗೆ ಲೆಕ್ಕ ಹಾಕಿದಂತೆ ಮ್ಯಾನೇಜರ್ ಒಬ್ಬರು ತಂಡಕ್ಕೆ ಎಷ್ಟು ಗೆಲುವು ಹೆಚ್ಚುವರಿಯಾಗಿ ತಂದುಕೊಟ್ಟರು ಎಂದು ಹೇಳುವ ಅಂಕಿ ಅಲ್ಲಿಲ್ಲ. ಇದನ್ನು ನಾನು ಕೊರತೆ ಎಂದು ಕರೆಯಲಾರೆ, ಏಕೆಂದರೆ ಅಂಥ ಲೆಕ್ಕವನ್ನು ನಂಬುವಂತೆ ಮಾಡುವುದು ಯಾರಿಗೂ ಸುಲಭವಲ್ಲ. 1915ರ ಆಗಸ್ಟ್‌ನಲ್ಲಿ ಮೂರನೆಯ ಬೇಸ್ ಪಕ್ಕದಲ್ಲಿ ಕೋಚ್ ಆಗಿ ನಿಂತಿದ್ದ ಹಗ್ಗಿನ್ಸ್, ಬ್ರೂಕ್ಲಿನ್‌ನ ಹೊಸ ಪಿಚರ್ ಎಡ್ ಆಪಲ್ಟನ್ ಅವರನ್ನು ಕರೆದು ಚೆಂಡನ್ನು ಒಮ್ಮೆ ನೋಡಬೇಕು ಎಂದು ಕೇಳಿದರು. ಆಪಲ್ಟನ್ ಎಸೆದರು, ಹಗ್ಗಿನ್ಸ್ ಪಕ್ಕಕ್ಕೆ ಸರಿದು ನಿಂತರು, ಚೆಂಡು ಉರುಳುತ್ತಾ ಹೋಯಿತು, ಆಟ ನಿಲ್ಲಿಸಿರದ ಕಾರಣ ಕಾರ್ಡಿನಲ್ಸ್‌ನ ರನ್ನರ್ ಓಡಿ ಬಂದು ರನ್ ಗಳಿಸಿದರು. ಈ ಸಮಯಪ್ರಜ್ಞೆಯನ್ನು ಯಾವ ಕಾಲಂ ಹಿಡಿದಿಡಬಲ್ಲದು?

ಆದರೆ ತಂಡಗಳ ಪುಟಗಳಿಗೆ ಹೋದರೆ ಮ್ಯಾನೇಜರನ ಕೈವಾಡ ನಿಧಾನವಾಗಿ ಗೋಚರಿಸತೊಡಗುತ್ತದೆ. ಈ ತಾಣದ ನಿಜವಾದ ಬಲ ಇರುವುದು ಈ ಕೊಂಡಿಗಳಲ್ಲಿಯೇ. ಕಾರ್ಡಿನಲ್ಸ್‌ನ 1915ರ ಪುಟದಲ್ಲಿ ರೋಜರ್ಸ್ ಹಾರ್ನ್ಸ್‌ಬಿ ಎಂಬ ಎಳೆಯನ ಹೆಸರು ಮೊದಲ ಬಾರಿ ಕಾಣಿಸಿಕೊಳ್ಳುತ್ತದೆ, ಮರುವರ್ಷದ ಪುಟದಲ್ಲಿ ಆತ ಕಾಯಂ ಆಟಗಾರ. ಹಗ್ಗಿನ್ಸ್ 1917ರಲ್ಲಿ ತಂಡವನ್ನು ಮತ್ತೆ ಮೂರನೆಯ ಸ್ಥಾನಕ್ಕೆ ತಂದಿಟ್ಟು ನ್ಯೂಯಾರ್ಕ್‌ಗೆ ಹೊರಟರು. ಅವರನ್ನು ಮ್ಯಾನೇಜರ್ ಮಾಡಿದ್ದ ಹೆಲೀನ್ ಬ್ರಿಟನ್ ಅವರು ಮೇಜರ್ ಲೀಗ್ ತಂಡವೊಂದರ ಮೊದಲ ಮಹಿಳಾ ಮಾಲೀಕರು; ಆ ಹೊತ್ತಿಗೆ ಅವರು ತಂಡವನ್ನು ಮಾರಿದ್ದರು, ಅದನ್ನು ಕೊಳ್ಳಬೇಕೆಂಬ ಹಗ್ಗಿನ್ಸ್ ಅವರ ಆಸೆ ಕೈಗೂಡಿರಲಿಲ್ಲ. ಯಾಂಕೀಸ್‌ನ ಇಬ್ಬರು ಮಾಲೀಕರಲ್ಲಿ ಜೇಕಬ್ ರುಪರ್ಟ್ ಅವರು ಹಗ್ಗಿನ್ಸ್ ಅವರನ್ನು ನೇಮಿಸಿಕೊಂಡಾಗ ಇನ್ನೊಬ್ಬ ಮಾಲೀಕ ಹ್ಯೂಸ್ಟನ್ ಯುದ್ಧದ ನಿಮಿತ್ತ ಫ್ರಾನ್ಸ್‌ನಲ್ಲಿದ್ದರು, ಅವರ ಮನಸ್ಸಿನಲ್ಲಿ ಇದ್ದದ್ದು ವಿಲ್ಬರ್ಟ್ ರಾಬಿನ್ಸನ್ ಅವರ ಹೆಸರು. ಹ್ಯೂಸ್ಟನ್ ತಮ್ಮ ಪಾಲು ಬಿಟ್ಟುಕೊಟ್ಟು ಹೋಗುವವರೆಗೆ ಹಗ್ಗಿನ್ಸ್ ಈ ಅಸಮಾಧಾನದ ನಡುವೆಯೇ ಕೆಲಸ ಮಾಡಿದರು. 1921ರಲ್ಲಿ ಯಾಂಕೀಸ್‌ಗೆ ಮೊದಲ ಪೆನಂಟ್, ಅಂದರೆ ಲೀಗ್ ಪ್ರಶಸ್ತಿ, ದೊರೆತದ್ದೂ ಆ ವರ್ಷಗಳಲ್ಲಿಯೇ ಎಂಬುದನ್ನು ಗಮನಿಸಬೇಕು. 1921 ಮತ್ತು 1922ರ ವರ್ಲ್ಡ್ ಸೀರೀಸ್‌ಗಳಲ್ಲಿ (ಎರಡು ಲೀಗ್‌ಗಳ ವಿಜೇತರ ನಡುವಿನ ಅಂತಿಮ ಸರಣಿ) ಜಾನ್ ಮೆಗ್ರಾ ಅವರ ಜೈಂಟ್ಸ್ ತಂಡದೆದುರು ಸೋತು, 1923ರಲ್ಲಿ ಅದೇ ಜೈಂಟ್ಸ್ ಅನ್ನು ಸೋಲಿಸಿ ಯಾಂಕೀಸ್‌ಗೆ ಮೊದಲ ವರ್ಲ್ಡ್ ಸೀರೀಸ್ ಗೆದ್ದುಕೊಟ್ಟರು. ಮೆಗ್ರಾ ಕೂಡ ಇನ್‌ಫೀಲ್ಡರ್ ಆಗಿ ಆಡಿ ಮ್ಯಾನೇಜರ್ ಆದವರೇ.

ಓದುಗರು ಹೆಚ್ಚು ಹೊತ್ತು ಕಳೆಯಬೇಕಾದ ಪುಟವೆಂದರೆ 1925ರ ಯಾಂಕೀಸ್‌ನದು. ಗೆಲುವು 69, ಸೋಲು 85, ಎಂಟು ತಂಡಗಳಲ್ಲಿ ಏಳನೆಯ ಸ್ಥಾನ. ಮ್ಯಾನೇಜರ್ ಪಟ್ಟಿಯಲ್ಲಿ ಅದು ಯಾಂಕೀಸ್ ವರ್ಷಗಳ ಅತಿ ಕೆಟ್ಟ ಸಾಲು. ನನ್ನ ದೃಷ್ಟಿಯಲ್ಲಿ ಹಗ್ಗಿನ್ಸ್ ಅತ್ಯುತ್ತಮ ಕೆಲಸ ಮಾಡಿದ್ದೂ ಅದೇ ವರ್ಷ. ಪಂದ್ಯವಾರು ದಾಖಲೆಗಳನ್ನು ತೆರೆದು ನೋಡಿದರೆ, ಮೇ ತಿಂಗಳಲ್ಲಿ ಶಾರ್ಟ್‌ಸ್ಟಾಪ್ (ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ ನಿಲ್ಲುವವರು) ಎವರೆಟ್ ಸ್ಕಾಟ್ ಅವರ ಸಾಲು ನಿಂತುಹೋಗುತ್ತದೆ. ಸತತ 1,307 ಪಂದ್ಯ ಆಡಿ ದಾಖಲೆ ಮಾಡಿದ್ದ ಅವರನ್ನು ಹಗ್ಗಿನ್ಸ್ ಹೊರಗೆ ಕೂರಿಸಿ, ಪೀ ವೀ ವ್ಯಾನಿಂಗರ್ ಅವರನ್ನು ಆಡಿಸಿದರು. ಜೂನ್ 1ರಂದು ಆ ವ್ಯಾನಿಂಗರ್ ಬದಲಿಗೆ ಬ್ಯಾಟ್ ಹಿಡಿಯಲು ಒಬ್ಬ ಯುವಕನನ್ನು ಕಳಿಸಿದರು. ಆತ ಲೂ ಗೆರಿಗ್. ಮರುದಿನ ಮೊದಲ ಬೇಸ್‌ನಲ್ಲಿ ವಾಲಿ ಪಿಪ್ ಅವರ ಜಾಗದಲ್ಲಿ ಗೆರಿಗ್ ನಿಂತರು, ಅಲ್ಲಿಂದ 1939ರವರೆಗೆ ಸತತ 2,130 ಪಂದ್ಯಗಳವರೆಗೆ ಕದಲಲಿಲ್ಲ. ಒಂದು ಮಹಾ ಸರಣಿಯನ್ನು ಮುಗಿಸುವ ನಿರ್ಧಾರವೂ ಅದನ್ನು ಮೀರಿಸಿದ ಇನ್ನೊಂದನ್ನು ಆರಂಭಿಸಿದ ನಿರ್ಧಾರವೂ ಒಂದು ತಿಂಗಳೊಳಗೆ ಒಬ್ಬರೇ ಮನುಷ್ಯನಿಂದ ಬಂದವು. ಅದೇ ವರ್ಷ ಆಗಸ್ಟ್ 29ರಂದು, ಸೇಂಟ್ ಲೂಯಿಸ್‌ನಲ್ಲಿ, ಶಿಸ್ತು ಮೀರಿದ್ದಕ್ಕಾಗಿ ಬೇಬ್ ರೂತ್ ಅವರಿಗೆ 5,000 ಡಾಲರ್ ದಂಡ ವಿಧಿಸಿ ಅಮಾನತು ಮಾಡಿದರು. ಆಟದ ಅತಿ ದೊಡ್ಡ ತಾರೆ ಮಾಲೀಕರ ಬಳಿಗೆ ದೂರು ಒಯ್ದಾಗ ರುಪರ್ಟ್ ಮ್ಯಾನೇಜರ್ ಪಕ್ಷವನ್ನೇ ಹಿಡಿದರು, ರೂತ್ ಕ್ಷಮೆ ಕೇಳಬೇಕಾಯಿತು. ಇದಾವುದೂ 69–85 ಎಂಬ ಅಂಕಿಯಲ್ಲಿ ಇಲ್ಲ. ಆದರೆ ರೂತ್ ಅವರ ಪಂದ್ಯವಾರು ಪಟ್ಟಿಯಲ್ಲಿ ಆ ದಿನಗಳ ಖಾಲಿ ಜಾಗ ಇದೆ, ಮತ್ತು ಗೆರಿಗ್ ಅವರ ಪಟ್ಟಿಯಲ್ಲಿ ಖಾಲಿ ಜಾಗವೇ ಇಲ್ಲ.

ಮುಂದಿನ ವರ್ಷದ ಪುಟ ತೆರೆದರೆ ಇನ್‌ಫೀಲ್ಡ್ ಬಹುಮಟ್ಟಿಗೆ ಹೊಸದಾಗಿರುವುದು ಕಾಣುತ್ತದೆ. ಮೊದಲ ಬೇಸ್‌ನಲ್ಲಿ ಗೆರಿಗ್, ಸೆಕೆಂಡ್ ಬೇಸ್‌ನಲ್ಲಿ ಹೊಸಬ ಟೋನಿ ಲಝೇರಿ, ಶಾರ್ಟ್‌ಸ್ಟಾಪ್ ಸ್ಥಾನದಲ್ಲಿ ಮಾರ್ಕ್ ಕೇನಿಗ್. ಮೂರನೆಯ ಬೇಸ್‌ನಲ್ಲಿ ಜೋ ಡುಗನ್ ಒಬ್ಬರೇ ಅನುಭವಿ. ತಾವು ಹದಿಮೂರು ವರ್ಷ ನಿಂತ ಜಾಗಕ್ಕೆ ಯಾರು ಬೇಕು ಎಂಬುದು ಹಗ್ಗಿನ್ಸ್ ಅವರಿಗೆ ಚೆನ್ನಾಗಿ ಗೊತ್ತಿತ್ತು. ಏಳನೆಯ ಸ್ಥಾನದಲ್ಲಿದ್ದ ತಂಡ 91 ಪಂದ್ಯ ಗೆದ್ದು 1926ರ ಪೆನಂಟ್ ಪಡೆಯಿತು. ಆ ವರ್ಷದ ವರ್ಲ್ಡ್ ಸೀರೀಸ್‌ನಲ್ಲಿ ಎದುರಾದದ್ದು ಹಗ್ಗಿನ್ಸ್ ಬಿಟ್ಟುಬಂದ ಕಾರ್ಡಿನಲ್ಸ್. ಅದರ ಮ್ಯಾನೇಜರ್ ಮತ್ತು ಸೆಕೆಂಡ್ ಬೇಸ್‌ಮನ್ ಎರಡೂ ಆಗಿದ್ದವರು ಹಾರ್ನ್ಸ್‌ಬಿ, ಹಗ್ಗಿನ್ಸ್ ಅವರ ಕೈಕೆಳಗೇ ಆಟ ಕಲಿತವರು. ಏಳನೆಯ ಪಂದ್ಯದ ಕೊನೆಯ ಔಟ್ ಹೇಗಾಯಿತು ಎಂಬುದನ್ನು ಆ ಪಂದ್ಯದ ಪುಟದಲ್ಲಿ ಓದಬಹುದು: ಸೆಕೆಂಡ್ ಬೇಸ್ ಕದಿಯಲು ಓಡಿದ ರೂತ್ ಅವರನ್ನು, ಕ್ಯಾಚರ್ ಬಾಬ್ ಓ'ಫಾರೆಲ್ ಎಸೆದ ಚೆಂಡನ್ನು ಹಿಡಿದು, ಹಾರ್ನ್ಸ್‌ಬಿಯವರೇ ಔಟ್ ಮಾಡಿದರು. 1927ರ 110–44 ಮತ್ತು ಪಿಟ್ಸ್‌ಬರ್ಗ್ ವಿರುದ್ಧ 4–0, 1928ರ 101–53 ಮತ್ತು ಅದೇ ಕಾರ್ಡಿನಲ್ಸ್ ವಿರುದ್ಧ 4–0. ಇವುಗಳನ್ನು ಎಲ್ಲರೂ ಬಲ್ಲರು. ಅವುಗಳ ಹಿಂದಿನ ಎರಡು ಪುಟಗಳನ್ನು ಮೊದಲು ಓದಿದವರಿಗೆ ಮಾತ್ರ ಆ ತಂಡ ತಾನಾಗಿ ಆದದ್ದಲ್ಲ ಎಂದು ತಿಳಿಯುತ್ತದೆ.

ಬಳಕೆಯ ದೃಷ್ಟಿಯಿಂದ ಹೇಳಬೇಕಾದದ್ದು ಸ್ವಲ್ಪವೇ. ಕೋಷ್ಟಕಗಳು ತುಂಬಾ ಅಗಲವಾಗಿರುವುದರಿಂದ ಮೊಬೈಲ್‌ಗಿಂತ ಕಂಪ್ಯೂಟರ್ ಪರದೆಯಲ್ಲಿ ಓದುವುದು ಹಿತ. ಕಾಲಂ ತಲೆಯ ಮೇಲಿನ ಸಂಕ್ಷೇಪಗಳು ಹೊಸಬರಿಗೆ ಒಗಟಿನಂತಿರುತ್ತವೆ, ಆದರೆ ಮೌಸ್ ಅನ್ನು ಅದರ ಮೇಲೆ ಇಟ್ಟರೆ ವಿವರಣೆ ಬರುತ್ತದೆ. ಹಳೆಯ ಪಂದ್ಯಗಳ ವಿವರಗಳಿಗೆ ಈ ತಾಣ ಬಹುಮಟ್ಟಿಗೆ ಆಧರಿಸಿರುವುದು ರೆಟ್ರೋಶೀಟ್ ಎಂಬ ಸ್ವಯಂಸೇವಕರ ಸಂಸ್ಥೆಯನ್ನು. ಡೇವಿಡ್ ಸ್ಮಿತ್ 1989ರಲ್ಲಿ ಆರಂಭಿಸಿದ ಆ ಕೆಲಸ ಇಲ್ಲದಿದ್ದರೆ 1925ರ ಮೇ ತಿಂಗಳನ್ನು ದಿನದಿನವಾಗಿ ಹೀಗೆ ಹಿಂಬಾಲಿಸಲು ಸಾಧ್ಯವಾಗುತ್ತಿರಲಿಲ್ಲ. ಆ ಸಂಸ್ಥೆಯ ತಾಣವೂ ಉಚಿತ.

ಹಗ್ಗಿನ್ಸ್ ಅವರನ್ನು ಓದಲು ಬಯಸುವವರಿಗೆ ನನ್ನ ಸಲಹೆ ಇಷ್ಟು: ಆಟಗಾರನ ಪುಟದಲ್ಲಿ ಬ್ಯಾಟಿಂಗ್ ಸರಾಸರಿಯನ್ನು ಬಿಟ್ಟು ವಾಕ್‌ಗಳಿಂದ ಆರಂಭಿಸಿ, 1913ರಲ್ಲಿ ಮ್ಯಾನೇಜರ್ ಪುಟಕ್ಕೆ ದಾಟಿ, ಅಲ್ಲಿಂದ ವರ್ಷಕ್ಕೊಂದರಂತೆ ತಂಡದ ಪುಟಗಳಿಗೆ ಹೋಗಿ. ಮ್ಯಾನೇಜರ್ ಪಟ್ಟಿಯ ಕೊನೆಯ ಸಾಲು 1929ರದು, ಅದರಲ್ಲಿ 82 ಗೆಲುವು, 61 ಸೋಲು. ಋತು ಮುಗಿಯಲು ಹನ್ನೊಂದು ಪಂದ್ಯ ಬಾಕಿ ಇದ್ದಾಗ ಕಾಯಿಲೆಯಿಂದ ತಂಡವನ್ನು ಬಿಟ್ಟುಹೋದ ಹಗ್ಗಿನ್ಸ್, ರಕ್ತಕ್ಕೆ ನಂಜು ಏರಿ ಸೆಪ್ಟೆಂಬರ್ 25ರಂದು ತೀರಿಕೊಂಡರು. ಆಗ ಅವರ ವಯಸ್ಸು 51. ಉಳಿದ ಪಂದ್ಯಗಳು ಆರ್ಟ್ ಫ್ಲೆಚರ್ ಅವರ ಹೆಸರಿನಲ್ಲಿವೆ. ಎರಡೂ ತಂಡಗಳ ಲೆಕ್ಕ ಸೇರಿದರೆ ಹಗ್ಗಿನ್ಸ್ ಅವರ ಗೆಲುವು 1,413, ಸೋಲು 1,134. 1964ರಲ್ಲಿ ಬೇಸ್‌ಬಾಲ್ ಮಹನೀಯರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡದ್ದು ಮ್ಯಾನೇಜರ್ ಎಂಬ ನೆಲೆಯಲ್ಲಿ. ಆಟಗಾರನ ಪುಟವನ್ನು ಮೊದಲು ಓದಿದವರಿಗೆ, ತಾಳ್ಮೆಯಿಂದ ಚೆಂಡು ಬಿಡುತ್ತಿದ್ದ ಆ ಬ್ಯಾಟರನ ಕಣ್ಣೇ ಗೆರಿಗ್ ಮತ್ತು ಲಝೇರಿ ಅವರನ್ನೂ ಗುರುತಿಸಿತು ಎಂದು ನನ್ನಂತೆ ಅನಿಸಬಹುದು.